ಬಿಲ್ ಬೇಕಾ, ಟೈಲ್ಸ್ ಬೇಕಾ?

ಹಾಸನದಲ್ಲಿ ಮನೆ ಕಟ್ಟಿಸುವವರಿಗೆ ಯಾರೂ ಅರ್ಥಶಾಸ್ತ್ರ ಹೇಳಿಕೊಡಬೇಕಿಲ್ಲ. ಬಿ.ಎಂ. ರಸ್ತೆಯಲ್ಲಿ ಒಂದು ಟೈಲ್ಸ್ ಅಂಗಡಿಗೆ ಹೋಗಿ ಬಂದರೆ ಸಾಕು.

"ಅಣ್ಣಾ, ಬಿಲ್ ಬೇಕಾ? ಬೇಕು ಅಂದ್ರೆ 18 ಪರ್ಸೆಂಟ್ ಸೇರುತ್ತೆ. ನಿಮ್ಮಿಷ್ಟ."

ನಮ್ಮಿಷ್ಟ! ತೆರಿಗೆ ಅನ್ನೋದು ಮದುವೆ ಊಟದ ಎರಡನೇ ಹೋಳಿಗೆ. ಬೇಕಾದವರು ಹಾಕಿಸಿಕೊಳ್ಳಬಹುದು.

ಬೇಡ ಅಂದವರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಒಂದು ಚೀಟಿ ಕೊಡುತ್ತಾರೆ. ಮೇಲೆ ಶ್ರೀ, ಅದರ ಕೆಳಗೆ ಎಸ್ಟಿಮೇಟ್. ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ. ದುಡ್ಡು ಎಣಿಸಿ ಆಗಿದೆ, ಟೈಲ್ಸ್ ಹೊತ್ತ ಲಗೇಜ್ ಆಟೋ ತಣ್ಣೀರುಹಳ್ಳ ದಾಟಿದೆ. ಕಾಗದದ ಪ್ರಕಾರ ಮಾತ್ರ ಇನ್ನೂ ಅಂದಾಜು ನಡೀತಾ ಇದೆ. ಗೃಹಪ್ರವೇಶಕ್ಕೆ ಬಂದವರು ಆ ಅಂದಾಜಿನ ಮೇಲೇ ಕೂತು ಊಟ ಮಾಡಿ ಹೋಗುತ್ತಾರೆ.

ಇದನ್ನು ತಿಳಿಯಲು ಡೀನಾ ಪೊಮೆರಾನ್ಜ್ ಎಂಬ ಸ್ವಿಸ್ ಅರ್ಥಶಾಸ್ತ್ರಜ್ಞೆ ಚಿಲಿ ದೇಶಕ್ಕೆ ಹೋಗಬೇಕಾಯಿತು. 4 ಲಕ್ಷಕ್ಕೂ ಹೆಚ್ಚು ಸಂಸ್ಥೆಗಳನ್ನು ಪ್ರಯೋಗಕ್ಕೆ ಸೇರಿಸಿ, ಕೆಲವರಿಗೆ ತೆರಿಗೆ ಇಲಾಖೆಯ ಎಚ್ಚರಿಕೆ ಪತ್ರ ಹಾಕಿಸಿದರು. 2015ರಲ್ಲಿ ಬಂದ ಫಲಿತಾಂಶ ಇಷ್ಟು: ವ್ಯಾಪಾರಿ ವ್ಯಾಪಾರಿಗೆ ಮಾರುವ ಕಡೆ ಪತ್ರದಿಂದ ಹೆಚ್ಚೇನೂ ಬದಲಾಗಲಿಲ್ಲ. ಇನ್‌ಪುಟ್ ಕ್ರೆಡಿಟ್ ಸಿಗಬೇಕಲ್ಲ, ಅಂದ್ರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆಯಬೇಕಲ್ಲ, ಅಲ್ಲಿ ಕೊಳ್ಳುವವನೇ ಬಿಲ್ ಕೇಳಿ ಇಸ್ಕೊಳ್ತಾನೆ. ಬಿಸಿ ಮುಟ್ಟಿದ್ದು ಕೊನೇ ಗಿರಾಕಿಗೆ ಮಾರುವ ಕಡೆ. ಅಂದ್ರೆ ನಾವು ನೀವು ನಿಂತಿರುವ ಕೌಂಟರಿನಲ್ಲಿ. ಬರೀ ಬಸ್ ಚಾರ್ಜಿನಲ್ಲಿ ಹಾಸನಕ್ಕೆ ಬಂದು ನೋಡಬಹುದಿತ್ತು.

ಹಾಗಾದರೆ ಎಲ್ಲರಿಗೂ ನೋಟಿಸ್ ಕೊಟ್ಟರಾಯಿತು ಅಂತೀರಾ? ಈಕ್ವೆಡಾರ್‌ನಲ್ಲಿ ಅದೂ ಆಯಿತು. "ವಹಿವಾಟು ಕಡಿಮೆ ತೋರಿಸಿದ್ದೀರಿ" ಎಂದು ಇಲಾಖೆ ಕೇಳಿದಾಗ, ರಿಟರ್ನ್ ತಿದ್ದಿದ ಕಂಪನಿಗಳು ಆದಾಯವನ್ನು ವಿನಯದಿಂದ ಏರಿಸಿದವು. ಏರಿಸಿದ ಪ್ರತಿ ಡಾಲರಿಗೆ ಖರ್ಚನ್ನೂ 96 ಸೆಂಟ್ ಏರಿಸಿದವು! ಇದನ್ನು ಲೆಕ್ಕ ಹಾಕಿದವರಲ್ಲೂ ಪೊಮೆರಾನ್ಜ್ ಇದ್ದರು. ನಮ್ಮ ಕಡೆಯ ಆಡಿಟರ್ ಯಾರಾದರೂ ಅಲ್ಲಿಗೆ ಹೋಗಿ ನೆಲೆಸಿದ್ದಾರಾ ಎಂದು ವಿಚಾರಿಸಬೇಕು.

ನಮ್ಮ ರಾಜ್ಯದಲ್ಲಿ 2025ರ ಜುಲೈನಲ್ಲಿ ನೋಟಿಸ್ ಸುದ್ದಿಯಾದದ್ದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ. ಯುಪಿಐನಲ್ಲಿ ವರ್ಷಕ್ಕೆ 40 ಲಕ್ಷ ದಾಟಿದೆ, ಲೆಕ್ಕ ಕೊಡಿ ಅಂತ. ತರಕಾರಿಗೆ ಜಿಎಸ್‌ಟಿಯೇ ಇಲ್ಲ, ಆ ಮಾತು ಬೇರೆ. ಕಂತೆ ಕಂತೆ ಕ್ಯಾಶ್ ಎಣಿಸಿದವರು ಆರಾಮಾಗಿದ್ದರು. ಟೀ ದುಡ್ಡನ್ನೂ ಬ್ಯಾಂಕಿಗೆ ಹಾಕಿಸಿಕೊಂಡವರು ಸಿಕ್ಕಿಬಿದ್ದರು. ಬೆಂಗಳೂರಿನಲ್ಲಿ ಬೇಕರಿ ಇಟ್ಟಿರುವ ನಮ್ಮ ಹಾಸನದವರು ಬಹಳ ಜನ, ಊರಲ್ಲೂ ಅದೇ ಮಾತು. ಕ್ಯೂಆರ್ ಸ್ಟಿಕ್ಕರ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಬೋರ್ಡುಗಳು ಎದ್ದವು. ಟೀಗೆ 15, ಕೊಟ್ಟಿದ್ದು 20, ಚಿಲ್ಲರೆ ಇಲ್ಲ ಅಂತ 5 ಚಾಕಲೇಟ್. ಚಾಕಲೇಟಿಗೂ ಬಿಲ್ ಕೇಳೋಣ ಅಂದ್ರೆ, ಹಿಂದೆ ಕ್ಯೂ ಜಾಸ್ತಿ ಇತ್ತು.