ಮಾವನ ಕುರು, ದಾರಿಯಲ್ಲಿ ಬಿದ್ದ ಚಪ್ಪಲಿ

ನಮ್ಮ ಕಡೆ ಕುರು ಎದ್ದರೆ ಅದಕ್ಕೆ ಇರೋದು ಒಂದೇ ಕಾರಣ, ಉಷ್ಣ. ಮಾವಿನಹಣ್ಣು ತಿಂದ್ರೆ ಉಷ್ಣ, ಕೋಳಿ ತಿಂದ್ರೆ ಉಷ್ಣ, ಬಿಸಿಲಲ್ಲಿ ತೋಟಕ್ಕೆ ಹೋದ್ರೆ ಉಷ್ಣ. ಈ ಪದ ಕೇಳಿದ್ರೇ ನನಗೀಗ ಸಿಟ್ಟು ಬರುತ್ತೆ.

ನನ್ನ ಸೋದರಮಾವನಿಗೆ ಐವತ್ತೆರಡು. ತಿಪಟೂರು ಕಡೆ ತೆಂಗಿನ ತೋಟ. ಎರಡು ವರ್ಷದಿಂದ ಕುರು ಏಳೋದು, ಒಡೆಯೋದು, ಮತ್ತೆ ಏಳೋದು. ಒಮ್ಮೆ ಕತ್ತಿನ ಹಿಂದೆ, ಒಮ್ಮೆ ತೊಡೆಯಲ್ಲಿ, ಒಮ್ಮೆ ಕೂರೋಕೂ ಆಗದ ಜಾಗದಲ್ಲಿ. ಪ್ರತಿ ಸಲ ಮೆಡಿಕಲ್ ಶಾಪಿಂದ ಐದು ದಿನದ ಆಂಟಿಬಯೋಟಿಕ್, ಅದನ್ನೂ ಮೂರೇ ದಿನಕ್ಕೆ ನಿಲ್ಲಿಸೋದು. ಮೇಲೆ ಅತ್ತೆಯ ತಂಪಿನ ಉಪಚಾರ: ಬೆಲ್ಲದ ಪಾನಕ, ಕರಬೂಜದ ಜ್ಯೂಸು, ಹೆಸರುಬೇಳೆ ಪಾಯಸ, ಎಳನೀರಿಗೆ ಕಲ್ಲುಸಕ್ಕರೆ. ಈಗ ನೆನೆಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ. ತಂಪು ಅಂತ ಕೊಟ್ಟಿದ್ದೆಲ್ಲ ಸಿಹಿಯೇ.

ಇದೇ ಹೊತ್ತಿಗೆ ಕಾಲು ಜೋಮು ಹಿಡಿಯೋಕೆ ಶುರುವಾಗಿತ್ತು. ಅದಕ್ಕೆ ಬೇರೆ ಡಾಕ್ಟರು, ಬೇರೆ ಕಾರಣ: ಸೊಂಟದ ನರ. ಎಣ್ಣೆ ತಿಕ್ಕಿದ್ದಾಯ್ತು, ಬೆಲ್ಟ್ ಕಟ್ಟಿದ್ದಾಯ್ತು. ಕುರುವಿನ ವಿಷ್ಯ ಅಲ್ಲಿ ಎತ್ತಲೇ ಇಲ್ಲ. ಕುರುವಿಗೂ ಕಾಲಿಗೂ ಏನು ಸಂಬಂಧ?

ಹಬ್ಬಕ್ಕೆ ಹೋಗಿದ್ದಾಗ ಒಂದು ಸಂಜೆ ಮಾವ ದೇವಸ್ಥಾನದಿಂದ ಮನೆಗೆ ಬಂದ್ರು, ಒಂದೇ ಕಾಲಲ್ಲಿ ಚಪ್ಪಲಿ. "ಮಾವ, ಇನ್ನೊಂದೆಲ್ಲಿ?" ಅಂದೆ. ಬಗ್ಗಿ ನೋಡ್ಕೊಂಡು ಅವರೇ ಬೆಚ್ಚಿದ್ರು. ದಾರೀಲಿ ಎಲ್ಲಿ ಜಾರಿತೋ ಗೊತ್ತೇ ಆಗಿಲ್ಲ. "ಏನಿಲ್ಲ ಕಣಮ್ಮ, ಉಷ್ಣ ಇರ್ಬೇಕು" ಅಂದ್ರು. ಅದಕ್ಕೂ!

ಮಾರನೇ ದಿನ ಎಳ್ಕೊಂಡು ಹೋದೆ. ಡಾಕ್ಟರು ಕಣ್ಣು ಮುಚ್ಚಿಸಿ, ಗಾಳದ ದಾರದಂಥ ಒಂದು ನೈಲಾನ್ ಎಳೆಯಿಂದ ಅಂಗಾಲನ್ನ ಅಲ್ಲಲ್ಲಿ ಒತ್ತಿದ್ರು. ಒತ್ತಿದ್ದು ಗೊತ್ತಾದಾಗೆಲ್ಲ ಹೂಂ ಅನ್ಬೇಕು. ಮಾವ ಸುಮ್ಮನೆ ಕೂತಿದ್ರು. ಸ್ವಲ್ಪ ಹೊತ್ತಾದ ಮೇಲೆ "ಶುರು ಮಾಡಿ ಸಾರ್" ಅಂದ್ರು. ಅಷ್ಟರಲ್ಲಿ ಡಾಕ್ಟರು ಎಳೆಯನ್ನ ಎತ್ತಿಟ್ಟಾಗಿತ್ತು.

ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಪರೀಕ್ಷೆ 11.4 ಬಂತು. 6.5 ಮುಟ್ಟಿದ್ರೇ ಸಕ್ಕರೆ ಕಾಯಿಲೆ.

ಸಕ್ಕರೆ ಏರಿದಾಗ ಕೀವು ಮಾಡೋ ಬ್ಯಾಕ್ಟೀರಿಯಾ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಮಂಕಾಗ್ತವೆ. ಅದೇ ಸಕ್ಕರೆ ವರ್ಷಗಟ್ಟಲೆ ನರಗಳನ್ನೂ ತಿನ್ನುತ್ತೆ, ಅದೂ ಉದ್ದದ ನರಗಳನ್ನ ಮೊದಲು. ಅದಕ್ಕೇ ಜೋಮು ಎರಡೂ ಪಾದದ ಬೆರಳಿಂದ ಹತ್ತಿ, ಸಾಕ್ಸ್ ಏರಿಸಿದ ಹಾಗೆ ಮೇಲಕ್ಕೆ ಬರೋದು. ಸೊಂಟದಲ್ಲಿ ನರ ಒತ್ತಿದ್ರೆ ಸಾಮಾನ್ಯವಾಗಿ ಒಂದೇ ಕಾಲು, ಮೇಲಿಂದ ಕೆಳಕ್ಕೆ ಸೆಳೆತ.

ಕುರು ಎದ್ದವರಿಗೆಲ್ಲ ಶುಗರ್ ಅಂತ ಹೆದರಿಸ್ತಿಲ್ಲ. ಕುರು ಎಬ್ಬಿಸೋ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮೂಗಲ್ಲಿ ಬೀಡುಬಿಟ್ಟಿದ್ರೆ, ಮನೆಮಂದಿಯೆಲ್ಲ ಒಂದೇ ಟವಲ್ಲು ಬಳಸಿದ್ರೆ ಸುತ್ತಿ ಸುತ್ತಿ ಬರುತ್ತೆ. ಜೋಮಿಗೆ ವಿಟಮಿನ್ ಬಿ12 ಕೊರತೆ ಕಾರಣ ಇರಬಹುದು. ಅಪ್ಪಟ ಸಸ್ಯಾಹಾರಿಗಳು, ಬಹಳ ವರ್ಷದಿಂದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನುಂಗ್ತಿರೋರು ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿತವೂ ನರ ಕೆಡಿಸುತ್ತೆ. ಬಣ್ಣ ಮಾಸಿದ, ಮುಟ್ಟಿದ್ರೆ ಗೊತ್ತಾಗದ ಮಚ್ಚೆ ಇದ್ರೆ ಕುಷ್ಠವೂ ಇರಬಹುದು; ಮುಚ್ಚಿಡಬೇಡಿ, ಸರ್ಕಾರಿ ಆಸ್ಪತ್ರೇಲಿ ಔಷಧಿ ಉಚಿತ, ವಾಸಿಯಾಗೋ ಕಾಯಿಲೆ ಅದು. ಕಾಲು ಇದ್ದಕ್ಕಿದ್ದಂತೆ ಸೋತು ಮೂತ್ರದ ಹಿಡಿತ ತಪ್ಪಿದ್ರೆ ಮಾತ್ರ ನಾಳೆ ಅನ್ನಬೇಡಿ, ಅವತ್ತೇ ಓಡಿ.

ಅತ್ತೆ ಮೇಲೆ ನನಗೆ ಸಿಟ್ಟಿಲ್ಲ. ಉಷ್ಣ ಅಂದ ಮೇಲೆ ಮುಂದಕ್ಕೆ ಯಾರೂ ಏನೂ ಕೇಳೋದಿಲ್ಲವಲ್ಲ, ಅದಕ್ಕೆ ಸಿಟ್ಟು. ಮೂವತ್ತು ದಾಟಿದವರಿಗೆ ಪಿಎಚ್‌ಸಿಯಲ್ಲಿ (ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ) ಬೆರಳು ಚುಚ್ಚಿ ಪುಕ್ಕಟೆ ಶುಗರ್ ನೋಡ್ತಾರೆ. ಮಾವನ ಮನೆಯಿಂದ ಪಿಎಚ್‌ಸಿ ನಡೆದ್ರೆ ಹತ್ತು ನಿಮಿಷ.

ಶುಗರ್ ಅಂತ ಗೊತ್ತಾಗಿ ಏಳು ತಿಂಗಳಾಯ್ತು, ಒಂದು ಕುರು ಎದ್ದಿಲ್ಲ. ಕಾಲಿನ ಜೋಮು ಮಾತ್ರ ಹಾಗೇ ಇದೆ. ಬಿಸಿನೀರಲ್ಲಿ ಕಾಲಿಡೋದು ಬಂದ್, ಹಿಂದೆ ಪಟ್ಟಿ ಇರೋ ಚಪ್ಪಲಿ ಬಂದಿದೆ. ರಾತ್ರಿ ಅತ್ತೆ ಟಾರ್ಚ್ ಹಿಡಿದು ಅಂಗಾಲು ನೋಡ್ತಾರೆ. ಹೋದ ವಾರ ಹೆಬ್ಬೆರಳ ಬುಡದಲ್ಲಿ ಒಂದು ಜಾಲಿಮುಳ್ಳು ಸಿಕ್ಕಿತಂತೆ. ಯಾವತ್ತು ಚುಚ್ಚಿತ್ತೋ, ಮಾವನಿಗೆ ಗೊತ್ತಿಲ್ಲ.