ಸೊನ್ನೆ ತೋರಿಸೋ ಗೈಗರ್ ಕೌಂಟರ್

ವಿಕಿರಣ ಅಳೆಯೋ ಗೈಗರ್ ಕೌಂಟರ್ ಕೆಟ್ಟರೆ ನಮ್ಮ ಯಾದಗಿರಿಯಲ್ಲಿ ಬಿಚ್ಚಿ ನೋಡೋರೇ ಸಿಗಲ್ಲ. ಸ್ಕ್ರೀನ್ ಹತ್ತುತ್ತದೆ, ಬ್ಯಾಟರಿ ಫುಲ್, ಎಣಿಕೆ ಮಾತ್ರ ಸೊನ್ನೆ. ಸೊನ್ನೆ ಅಂದ್ರೆ ಕೆಟ್ಟಿದೆ ಅಂತಲೇ ಅರ್ಥ, ಯಾಕಂದ್ರೆ ಮಣ್ಣು, ಕಲ್ಲು, ಆಕಾಶದಿಂದ ಬರೋ ಕಿರಣ ಎಲ್ಲ ಸೇರಿ ಅದನ್ನು ಎಲ್ಲಿಟ್ಟರೂ ಆಗಾಗ ಟಿಕ್ ಅನ್ನಲೇಬೇಕು. ಮಾರಿದವರಿಗೆ ಫೋನ್ ಮಾಡಿದರೆ "ನಿಮ್ಮ ಕಡೆ ವಿಕಿರಣ ಇಲ್ಲ ಬಿಡಿ ಸರ್" ಅಂತಾರೆ! ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇರೋ ಜಿಲ್ಲೆ ನೋಡ್ರಿ ಇದು. ನಾವು ಅಳೆದು ನೋಡಬೇಕು ಅನ್ನೋದರಲ್ಲಿ ತಪ್ಪೇನಿದೆ?

ರಿಪೇರಿ ಅಂಗಡಿಯವರು ಮಲ್ಟಿಮೀಟರ್ ಹಚ್ಚಿ, ವೋಲ್ಟೇಜ್ ಕಡಿಮೆ ಇದೆ, ಬೋರ್ಡ್ ಹೋಗಿದೆ ಅಂದುಬಿಟ್ಟರು. ಒಳಗಿರೋದು ವಿಕಿರಣ ಪತ್ತೆ ಮಾಡೋ ಎಸ್‌ಬಿಎಂ-20 ಟ್ಯೂಬ್, ಅದಕ್ಕೆ 400 ವೋಲ್ಟ್ ಆಸುಪಾಸು ಬೇಕು, ಆದರೆ ಆ ಸರ್ಕ್ಯೂಟ್ ಕೊಡೋ ಕರೆಂಟ್ ಎಷ್ಟು ಕಡಿಮೆ ಅಂದ್ರೆ ಮಾಮೂಲಿ ಮೀಟರ್ ಹಚ್ಚಿದ ತಕ್ಷಣ ವೋಲ್ಟೇಜೇ ಕುಸಿದು ಸುಳ್ಳು ಲೆಕ್ಕ ಬರುತ್ತದೆ. ಸುಮ್ನೆ ಹೊಸ ಬೋರ್ಡ್ ಖರ್ಚು ಹೇಳಿಬಿಟ್ಟರೆ ಹೇಗೆ? ಕೊನೆಗೆ ಬ್ಯಾಟರಿ ತೆಗೆದು, ಚಾರ್ಜ್ ಹಿಡಿದಿಡೋ ಕೆಪಾಸಿಟರ್ ಖಾಲಿಯಾಗೋವರೆಗೂ ಕಾದು ನಾನೇ ಬಿಚ್ಚಿದೆ. ಟ್ಯೂಬಿನ ತುದಿ ಹಿಡಿಯೋ ಕ್ಲಿಪ್ ಮೇಲೆ ಹಸಿರು ಕಿಲುಬು ಹಿಡಿದಿತ್ತು, ಅಷ್ಟೇ. ಕೆರೆದು ಬಿಗಿ ಮಾಡಿದ ಮೇಲೆ ಸರಿ ಹೋಯ್ತು. ಈ ಒಂದು ಸಾಲನ್ನು ಮ್ಯಾನುಯಲ್‌ನಲ್ಲಿ ಬರೆಯೋಕೆ ಇವರಿಗೆ ಏನು ಕಷ್ಟ ರೀ?