ದಯವಿಟ್ಟು ಈ ರಸ್ತೆಗೆ ಡಾಂಬರು ಹಾಕಬೇಡಿ

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಶರಾವತಿ ಹಿನ್ನೀರಿನ ಜನ ಸಂಭ್ರಮಪಟ್ಟರು. ಬೆಂಗಳೂರಿನ ಸೋಲೋ ರೈಡರುಗಳಿಗೆ ಮಾತ್ರ ಸೂತಕ. ಬೈಕ್ ಹತ್ತಿಸಿಕೊಂಡು ಹಿನ್ನೀರಿನ ಮೇಲೆ ತೇಲುತ್ತಿದ್ದ ಆ ಲಾಂಚ್‌ನ ಮಜಾ ಹೋಯಿತಲ್ಲ! ಮಂಜು, ನೀರು, ಹಿನ್ನೆಲೆಯಲ್ಲಿ ಕೊಳಲು... ಈಗ ಸುಮ್ನೆ ಒಂದು ಕಾಂಕ್ರೀಟ್ ಸೇತುವೆ. ಮಲೆನಾಡು ಹಾಳಾಯಿತು ಅಂತ ಕಣ್ಣೀರು ಹಾಕಿದ್ದೇ ಹಾಕಿದ್ದು.

ಮಜಾ ಅಂದರೆ ಏನು ಅಂತ ತುಮರಿ ಕಡೆಯವರನ್ನು ಕೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ಊರುಗಳು ಮುಳುಗಿದವು. ಇವರು ಈ ದಡದಲ್ಲಿ, ತಾಲ್ಲೂಕು ಕಚೇರಿ, ಆಸ್ಪತ್ರೆ ಇರೋ ಸಾಗರ ಆ ದಡದಲ್ಲಿ. ನಾಡಿಗೆಲ್ಲ ಕರೆಂಟ್ ಕೊಡಲು ಜಮೀನು ಬಿಟ್ಟವರಿಗೆ ಸಿಕ್ಕಿದ್ದು ಲಾಂಚ್. ಕತ್ತಲಾದ ಮೇಲೆ ಅದೂ ಇಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಕಾಡು ಸುತ್ತಿಕೊಂಡು ಹೋಗಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸಲ್ಲ. 2.44 ಕಿಲೋಮೀಟರ್ ಸೇತುವೆಗೆ 60 ವರ್ಷ ಕಾದರು. ಇನ್ನೊಂದು ನಾಲ್ಕು ವರ್ಷ ಕಾದಿದ್ದರೆ ಏನು ಗಂಟು ಹೋಗುತ್ತಿತ್ತು? ನಮ್ಮ ರೈಡರು ಹೊಸ ಡ್ರೋನ್‌ಗೆ ದುಡ್ಡು ಕೂಡಿಡುತ್ತಿದ್ದ.

ಇರಲಿ, ಲಾಂಚ್ ಹೋದರೇನು, ಕೋಗಾರು ಕಡೆಯ ಕಾಡು ರಸ್ತೆಗಳು ಇನ್ನೂ ಇವೆ. ಶನಿವಾರ ಬೆಳಗ್ಗೆ ಅಲ್ಲೊಂದು ತಿರುವಿನಲ್ಲಿ ನಿಂತು ನೋಡಿ. ಹೆಲ್ಮೆಟ್ ಮೇಲೊಂದು ಕ್ಯಾಮೆರಾ, ಎದೆ ಮೇಲೊಂದು, ಹ್ಯಾಂಡಲ್ ಮೇಲೊಂದು ಕಟ್ಟಿಕೊಂಡು ಒಬ್ಬ ಬರುತ್ತಾನೆ. ಬೈಕ್ ನಿಲ್ಲಿಸಿ ಇಳಿಯುತ್ತಾನೆ. ರಸ್ತೆ ಬದಿಯಲ್ಲಿ ಟ್ರೈಪಾಡ್ ನಿಲ್ಲಿಸಿ, ಅದರ ಮೇಲೆ ನಾಲ್ಕನೇ ಕ್ಯಾಮೆರಾ ಇಡುತ್ತಾನೆ. ಮತ್ತೆ ಬೈಕ್ ಹತ್ತಿ ಬಂದ ದಾರಿಯಲ್ಲೇ ವಾಪಸ್. ಅಲ್ಲಿಂದ ತಿರುಗಿ, ಲೋಕದ ಗೊಡವೆಯೇ ಬೇಡ ಅನ್ನೋ ಮುಖ ಮಾಡಿಕೊಂಡು, ಕ್ಯಾಮೆರಾದ ಮುಂದೆ ಹಾದು ದೂರದ ಮಂಜಿನಲ್ಲಿ ಒಬ್ಬಂಟಿಯಾಗಿ ಮರೆಯಾಗುತ್ತಾನೆ. ಎರಡು ನಿಮಿಷಕ್ಕೆ ಮಂಜಿನಿಂದ ಹೊರಗೆ ಬರುತ್ತಾನೆ. ಟ್ರೈಪಾಡ್ ಬಿಟ್ಟು ಹೋಗೋಕಾಗುತ್ತಾ?

ಅಲ್ಲೇ ಕುಳಿತ ಅಜ್ಜಿ ಇದನ್ನೆಲ್ಲ ನೋಡಿ ಪಾಪ ಅಂದುಕೊಂಡು ಕೇಳುತ್ತಾಳೆ: "ಎಂತ ಕಳ್ಕಂಡೆ ತಮ್ಮಾ?"

ತನ್ನನ್ನು ತಾನು ಹುಡುಕಿಕೊಳ್ಳಲು ಬಂದಿದ್ದೇನೆ ಅಂತ ಅಜ್ಜಿಗೆ ಹೇಗೆ ಹೇಳೋದು?

ಕಾಡಿನ ಮೌನ ಕೇಳಬೇಕು ಅನ್ನೋದು ಇವರ ಇನ್ನೊಂದು ಆಸೆ. 175 ಸಿಸಿಗಿಂತ ದೊಡ್ಡ ಬೈಕ್ ತಯಾರಾಗುವಾಗ ಅದರ ಸದ್ದಿಗೆ 80 ಡೆಸಿಬೆಲ್ ಮಿತಿ ಇದೆ. ಅಷ್ಟು ಸದ್ದಿನಲ್ಲಿ ಮೌನ ಸರಿಯಾಗಿ ಕೇಳಿಸಲ್ಲವೋ ಏನೋ, ಕಂಪನಿಯ ಸೈಲೆನ್ಸರ್ ಬಿಚ್ಚಿಸಿ ಗುಡುಗುವಂಥದ್ದು ಹಾಕಿಸಿಕೊಂಡು ಬರುತ್ತಾರೆ. ಸಿಂಗಳೀಕಗಳಿಗೆಂದೇ ಅಭಯಾರಣ್ಯ ಮಾಡಿದ ಜಾಗ ಇದು. ಅವು ಮಾತಾಡದೆ ನಾಲ್ಕು ಮರ ಆಚೆ ಹೋಗಿ ಕೂರುತ್ತವೆ.

ಆಮೇಲೆ ಆಫ್‌ರೋಡಿಂಗ್. ಅಂದರೆ ಕೆಸರು. ಮೊಣಕಾಲಿಗೆ ಗಾರ್ಡ್, ಮೊಣಕೈಗೆ ಗಾರ್ಡ್, ಮೂರು ಲಕ್ಷದ ಬೈಕ್. ಮೊದಲನೇ ಗೇರಿನಲ್ಲಿ ಉಸಿರು ಬಿಗಿಹಿಡಿದು ಗೊಚ್ಚೆ ದಾಟುತ್ತಾ, "ಗೆಳೆಯರೇ, ಇದು ಕರ್ನಾಟಕದ ಅತಿ ಅಪಾಯಕಾರಿ ರಸ್ತೆ" ಅಂತ ಮೈಕಿಗೆ ಹೇಳುತ್ತಿರುತ್ತಾನೆ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಟಿವಿಎಸ್ ಎಕ್ಸೆಲ್ ಪಟಪಟ ಅಂತ ಹಾದುಹೋಗುತ್ತದೆ. ಮುಂದೆ ಗ್ಯಾಸ್ ಸಿಲಿಂಡರ್, ಹಿಂದೆ ಹಿಂಡಿ ಚೀಲ, ಓಡಿಸೋನ ಕಾಲಲ್ಲಿ ಹವಾಯಿ ಚಪ್ಪಲಿ. ಒಂದು ಕೈಯಲ್ಲಿ ಛತ್ರಿ ಬೇರೆ. ಎಡಿಟಿಂಗ್‌ನಲ್ಲಿ ಮೊದಲು ಕತ್ತರಿ ಬೀಳೋದು ಆ ಎಕ್ಸೆಲ್‌ಗೇ.

ಈ ರಸ್ತೆಯ ಕಥೆ ಊರಿನವರಿಗೆ ಬಾಯಿಪಾಠ. ಜಲ್ಲಿಗಿಂತ ಗುದ್ದಲಿ ಪೂಜೆಯೇ ಇದಕ್ಕೆ ಜಾಸ್ತಿ ಬಿದ್ದಿದೆ. ಅಭಯಾರಣ್ಯ, ಡಾಂಬರು ಹಾಕಬಾರದು ಅಂತ ಒಬ್ಬರು. ರಸ್ತೆ ಸರಿಯಿಲ್ಲ, ಬಸ್ ಬಿಡಲ್ಲ ಅಂತ ಇನ್ನೊಬ್ಬರು. ಮನವಿ ಕೊಡಿ, ನೋಡೋಣ ಅಂತ ಮತ್ತೊಬ್ಬರು. ಹೀಗಿರುವಾಗ ರೈಡರು ಕೈಮುಗಿದು ವಿಡಿಯೋ ಮುಗಿಸುತ್ತಾನೆ: "ದಯವಿಟ್ಟು ಈ ರಸ್ತೆಗೆ ಡಾಂಬರು ಹಾಕಬೇಡಿ. ಹೀಗೇ ಇರಲಿ." ಇದನ್ನು ಕೇಳಿ ಅತಿ ಜಾಸ್ತಿ ಖುಷಿಪಡುವವರು ಲೋಕೋಪಯೋಗಿ ಇಲಾಖೆಯವರು. ಇಷ್ಟು ವರ್ಷದಲ್ಲಿ ಅವರ ಕೆಲಸವನ್ನು ಮೆಚ್ಚಿದ ಮೊದಲ ನಾಗರಿಕ ಇವನೇ. ಇನ್ನು ಗುಂಡಿಗಳಿಗೊಂದು ಸಂರಕ್ಷಿತ ವಲಯ, ಸುತ್ತ ಬೇಲಿ, 50 ರೂಪಾಯಿ ಟಿಕೆಟ್ ಮಾಡಿಬಿಟ್ಟರೆ ಮುಗಿಯಿತು. ಜೋಲಿಯಲ್ಲಿ ರೋಗಿ ಹೊತ್ತುಕೊಂಡು ಬರುವವರಿಗೆ ಪ್ರವೇಶ ಉಚಿತ ಇಟ್ಟರೆ ಸಾಕು.

ಸಂಜೆ ಹೋಂಸ್ಟೇನಲ್ಲಿ ಕಾಫಿ ಕುಡಿಯುತ್ತಾ ರೈಡರು ಹೇಳುತ್ತಾನೆ: "ಇಲ್ಲಿ ನೆಟ್‌ವರ್ಕೇ ಇಲ್ಲ, ಎಷ್ಟು ನೆಮ್ಮದಿ! ನೀವೇ ಪುಣ್ಯವಂತರು." ಪುಣ್ಯವಂತರು ಏನೂ ಹೇಳದೆ ಇನ್ನೊಂದು ಲೋಟ ಕಾಫಿ ಬಗ್ಗಿಸುತ್ತಾರೆ. 2021ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬೋರ್ಡ್ ಹಿಡಿದು ನಿಂತವರು ಅವರು. ಆನ್‌ಲೈನ್ ಕ್ಲಾಸ್ ಕಾಲದಲ್ಲಿ ಅವರ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಛತ್ರಿ ಹಿಡಿದು ಪಾಠ ಕೇಳಿದ್ದರು.

ನೆಮ್ಮದಿ ಅರ್ಧ ಗಂಟೆ ಇರುತ್ತದೆ. ಆಮೇಲೆ ವಿಡಿಯೋ ಹಾಕಬೇಕಲ್ಲ! ಮನೆಯ ಹುಡುಗನನ್ನು ಕರೆದುಕೊಂಡು, ಟಾರ್ಚ್ ಹಿಡಿದು, ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ಅದೇ ಗುಡ್ಡ ಹತ್ತುತ್ತಾನೆ. ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದವನು ಕೊನೆಗೆ ಹುಡುಗನ ಕಡೆ ತಿರುಗಿ ರೇಗುತ್ತಾನೆ:

"ಇಷ್ಟು ವರ್ಷ ಆಯ್ತಲ್ಲ, ಒಂದು ಟವರ್ ಹಾಕಿಸೋಕೆ ನಿಮಗೆಲ್ಲ ಏನ್ ಕಷ್ಟ?"